ಗಂಟೆಗಳ ಪ್ರಸ್ತಾರ

ನಮ್ಮ ಗುಡಿಗಳಲ್ಲಿ ಗಂಟೆ ಬಾರಿಸುವುದನ್ನು ಯಾರೂ ಕಲಿಯಬೇಕಾಗಿಲ್ಲ. ತಂದೆಯ ಹೆಗಲೇರಿದ ಮಗುವೂ ಕೈಚಾಚಿ ಅದರ ನಾಲಗೆಯನ್ನು ಒಮ್ಮೆ ತೂಗಿದರೆ ಸಾಕು, ಗಂಟೆ ನುಡಿಯುತ್ತದೆ. ಬಂದವನು ಬಂದೆನೆಂದು ದೇವರಿಗೆ ಅರಿಕೆ ಮಾಡಿಕೊಂಡಂತಾಗುತ್ತದೆ. ಗಂಟೆಯೆಂದರೆ ಒಂದು ಕೈ, ಒಂದು ನಾದ, ಅಷ್ಟೆ ಎಂದು ತಿಳಿದಿದ್ದ ನನಗೆ, ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಪೂರ್ವಭಾಗದ ಸಫೋಕ್ ಪ್ರಾಂತದ ಒಂದು ಹಳ್ಳಿಯಲ್ಲಿ ಶರತ್ಕಾಲವನ್ನು ಕಳೆಯುವ ಅವಕಾಶ ಒದಗಿದಾಗ, ಆ ತಿಳಿವು ಎಷ್ಟು ಅಲ್ಪವಾದುದೆಂಬುದು ಗೊತ್ತಾಯಿತು.

ಹೋದ ಮೊದಲ ವಾರದ ಒಂದು ಸಂಜೆ. ಹೊಲಗಳ ಆಚೆಯಿಂದ ಗಂಟೆಗಳ ಸದ್ದು ಕೇಳಿಬಂತು. ಒಂದಲ್ಲ, ಹಲವು ಗಂಟೆಗಳು, ಒಂದರ ಹಿಂದೆ ಒಂದು, ಸಮನಾದ ಅಂತರದಲ್ಲಿ. ಯಾವುದೋ ರಾಗವನ್ನು ನುಡಿಸುತ್ತಿದ್ದಾರೆಂದು ಕಿವಿಗೊಟ್ಟೆ. ರಾಗ ಮೂಡಲಿಲ್ಲ. ಸ್ವರಗಳು ಕ್ರಮವಾಗಿ ಇಳಿದು ಬಂದು, ಮರುಗಳಿಗೆಯಲ್ಲೆ ಅದಲು ಬದಲಾಗಿ, ಇನ್ನಷ್ಟು ಕಲೆತು, ಗುರುತೇ ಸಿಕ್ಕದಂತಾಗಿ, ಬಹಳ ಹೊತ್ತಿನ ಮೇಲೆ ಮತ್ತೆ ಮೊದಲಿನ ಕ್ರಮಕ್ಕೆ ಬಂದು ನಿಂತವು. ಯಾರೋ ಕಲಿಯುವವರು ತಪ್ಪುತ್ತಿದ್ದಾರೆಂದೇ ನಾನು ಭಾವಿಸಿದೆ. ಮನೆಯ ಯಜಮಾನರು ನಕ್ಕು, "ತಪ್ಪಿದ್ದರೆ ಊರಿಗೆ ಊರೇ ತಿಳಿಯುತ್ತಿತ್ತು. ಅವರು ರಾಗ ನುಡಿಸುತ್ತಿಲ್ಲ, ಲೆಕ್ಕ ನುಡಿಸುತ್ತಿದ್ದಾರೆ" ಎಂದರು. ಮುಂದಿನ ವಾರ ಅವರೇ ನನ್ನನ್ನು ಇಗರ್ಜಿಯ ಗೋಪುರಕ್ಕೆ ಕರೆದೊಯ್ದರು.

ಕಲ್ಲಿನ ಸುರುಳಿ ಮೆಟ್ಟಿಲನ್ನೇರಿ ಹೋದರೆ ಒಂದು ಚೌಕದ ಕೋಣೆ. ಗಂಟೆಗಳು ಅಲ್ಲಿ ಕಾಣುವುದಿಲ್ಲ. ಅವು ಇನ್ನೂ ಮೇಲಿನ ಅಂತಸ್ತಿನಲ್ಲಿವೆ. ಸೂರಿನ ತೂತುಗಳಿಂದ ಆರು ಹಗ್ಗಗಳು ವರ್ತುಲಾಕಾರವಾಗಿ ಇಳಿಬಿದ್ದಿದ್ದವು. ಪ್ರತಿಯೊಂದು ಹಗ್ಗದ ನಡುವೆ, ಕೈಗೆ ಸಿಗುವ ಎತ್ತರದಲ್ಲಿ, ಬಣ್ಣದ ಉಣ್ಣೆಯ ದಪ್ಪ ಹಿಡಿ. ಅದನ್ನು ಸ್ಯಾಲಿ ಎನ್ನುತ್ತಾರೆ. ನೆರೆದಿದ್ದವರು ಐವರು: ಒಬ್ಬ ರೈತ, ಅಂಚೆ ಹಂಚುವಾತ, ಒಬ್ಬ ಬಡಗಿ, ಆತನ ಹೆಂಡತಿ, ಮತ್ತು ಇವರಿಗೆಲ್ಲ ನಾಯಕಿಯಾದ ಒಬ್ಬ ನಿವೃತ್ತ ಶಿಕ್ಷಕಿ. ಹಗ್ಗಗಳು ಆರು, ಜನ ಐವರು. ಆರನೆಯ ಹಗ್ಗವನ್ನು ಸುತ್ತಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದರು. ಆ ಹಗ್ಗವನ್ನು ಮೂವತ್ತು ವರ್ಷಗಳಿಂದ ಹಿಡಿದಿದ್ದ ಮುದುಕ ಆ ವಸಂತದಲ್ಲಿ ತೀರಿಕೊಂಡಿದ್ದ.

ಈ ಕಲೆಯ ಮರ್ಮವೆಲ್ಲ ಗಂಟೆಯನ್ನು ತೂಗುಹಾಕಿರುವ ಬಗೆಯಲ್ಲಿದೆ. ಯೂರೋಪಿನ ಇತರ ದೇಶಗಳಲ್ಲಿ ಗಂಟೆಯನ್ನು ಸಾಮಾನ್ಯವಾಗಿ ಉಯ್ಯಾಲೆಯಂತೆ ಅತ್ತಿತ್ತ ತೂಗುತ್ತಾರೆ; ಬೆಲ್ಜಿಯಂ, ಹಾಲೆಂಡುಗಳಲ್ಲಿ ಹತ್ತಾರು ಗಂಟೆಗಳಿಗೆ ಮನೆಗಳನ್ನು ಜೋಡಿಸಿ ಒಬ್ಬನೇ ವಾದಕ ಹಾರ್ಮೋನಿಯಂ ನುಡಿಸಿದಂತೆ ರಾಗಗಳನ್ನು ನುಡಿಸುವುದೂ ಉಂಟು. ಇಂಗ್ಲೆಂಡಿನವರು ಹಿಡಿದ ದಾರಿ ಬೇರೆ. ಅಲ್ಲಿ ಪ್ರತಿಯೊಂದು ಗಂಟೆಯನ್ನೂ ಒಂದು ದೊಡ್ಡ ಮರದ ಚಕ್ರಕ್ಕೆ ಬಿಗಿದಿರುತ್ತಾರೆ. ಹಗ್ಗ ಆ ಚಕ್ರದ ಅಂಚಿನ ಮೇಲೆ ಸುತ್ತಿ ಕೆಳಗಿಳಿಯುತ್ತದೆ. ಬಾರಿಸುವುದಕ್ಕೆ ಮೊದಲು ಗಂಟೆಯನ್ನು ಮೆಲ್ಲಮೆಲ್ಲನೆ ತೂಗಿ ತೂಗಿ, ಕೊನೆಗೆ ಬಾಯಿ ಆಕಾಶಕ್ಕೆ ತೆರೆದಿರುವಂತೆ ತಲೆಕೆಳಗಾಗಿ ನಿಲ್ಲಿಸುತ್ತಾರೆ. ಅಲ್ಲಿಂದ ಹಗ್ಗವನ್ನು ಸ್ವಲ್ಪ ಎಳೆದರೆ ಸಾಕು; ಗಂಟೆ ಸಮತೂಕ ತಪ್ಪಿ ಉರುಳಿ, ಹೆಚ್ಚು ಕಡಿಮೆ ಪೂರ್ತಿ ಒಂದು ಸುತ್ತು ತಿರುಗಿ, ಮತ್ತೊಂದು ಮಗ್ಗುಲಲ್ಲಿ ಮೇಲಕ್ಕೇರಿ ಬಾಯ್ದೆರೆದು ನಿಲ್ಲುತ್ತದೆ. ಸುತ್ತು ಮುಗಿಯುವ ಹೊತ್ತಿಗೆ ನಾಲಗೆ ಒಮ್ಮೆ, ಒಮ್ಮೆ ಮಾತ್ರ, ಬಡಿಯುತ್ತದೆ. ಮತ್ತೆ ಎಳೆದರೆ ಬಂದ ದಾರಿಯಲ್ಲೆ ಹಿಂದಿರುಗಿ ಇನ್ನೊಂದು ಬಡಿತ. ಒಂದು ಸುತ್ತಿಗೆ ಸುಮಾರು ಎರಡು ಸೆಕೆಂಡು. ಹದಿನಾರನೆಯ ಶತಮಾನದ ಕೊನೆ ಮತ್ತು ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಈ ಚಕ್ರ ಇಂಗ್ಲೆಂಡಿನಲ್ಲಿ ಪೂರ್ಣರೂಪವನ್ನು ಪಡೆಯಿತು.

ಇಲ್ಲಿ ಬಲಕ್ಕಿಂತ ಹದ ಮುಖ್ಯ. ಅತಿಯಾಗಿ ಎಳೆದರೆ ಗಂಟೆ ನಿಲ್ಲಬೇಕಾದ ತಾಣವನ್ನು ಮೀರಿ ಹೋಗಿ, ಅದನ್ನು ತಡೆಯಲು ಇಟ್ಟಿರುವ ಮರದ ಊರೆಯನ್ನು ಮುರಿಯುತ್ತದೆ; ಆಗ ಹಗ್ಗವನ್ನು ಬಿಡದವನನ್ನು ಅದು ಸೂರಿನ ಕಡೆಗೆ ಎತ್ತಿಕೊಂಡು ಹೋಗುತ್ತದೆ. ಹಳ್ಳಿಯ ಆ ಗೋಪುರದಲ್ಲಿ ಅತ್ಯಂತ ಸಣ್ಣ ಗಂಟೆಯೇ ಮೂರು ಆಳಿನ ತೂಕದ್ದು. ದೊಡ್ಡದು ಆರು ನೂರು ಕಿಲೋ. ಲಿವರ್‌ಪೂಲಿನ ಮಹಾಚರ್ಚಿನಲ್ಲಿ ಹೀಗೆ ಸುತ್ತಿಸುವ ಗಂಟೆಗಳಲ್ಲಿ ದೊಡ್ಡದರ ತೂಕ ೪ ಟನ್ನಿಗೂ ಮಿಗಿಲು. ಇಂಥ ಕಂಚಿನ ರಾಶಿಯನ್ನು ನಾವು ಆಳುವುದಿಲ್ಲ, ಅದರೊಡನೆ ಒಪ್ಪಂದ ಮಾಡಿಕೊಳ್ಳುತ್ತೇವೆ. ಮೇಲೆ ನಿಲ್ಲುವ ಗಳಿಗೆಯಲ್ಲಿ ಕೊಂಚ ತಡೆದು ಹಿಡಿದರೆ ಗಂಟೆ ಕೊಂಚ ತಡವಾಗಿ ನುಡಿಯುತ್ತದೆ. ಪೂರ್ತಿ ಏರುವ ಮುನ್ನವೇ ಹಿಂದಕ್ಕೆ ಎಳೆದರೆ ಕೊಂಚ ಬೇಗ ನುಡಿಯುತ್ತದೆ. ಅದು ಕೊಡುವ ಸ್ವಾತಂತ್ರ್ಯ ಇಷ್ಟೇ.

ಈ ಇಕ್ಕಟ್ಟಿನಿಂದಲೇ ಕಲೆ ಹುಟ್ಟಿತು. ಗಂಟೆಗೆ ತನಗೆ ಬೇಕಾದಾಗ ನುಡಿಯಲು ಬಾರದ ಮೇಲೆ ರಾಗವನ್ನು ನುಡಿಸುವುದು ಅಸಾಧ್ಯ. ಆದರೆ ತನ್ನ ಮುಂದಿನವನೊಡನೆಯೋ ಹಿಂದಿನವನೊಡನೆಯೋ ಸ್ಥಾನವನ್ನು ಬದಲಿಸಿಕೊಳ್ಳುವುದು ಸಾಧ್ಯ. ಆದ್ದರಿಂದ ಅವರು ಎರಡು ನಿಯಮಗಳನ್ನು ಮಾಡಿಕೊಂಡರು. ಒಂದು ಸಾಲಿನಿಂದ ಮುಂದಿನ ಸಾಲಿಗೆ ಯಾವ ಗಂಟೆಯೂ ಒಂದು ಸ್ಥಾನಕ್ಕಿಂತ ಹೆಚ್ಚು ಸರಿಯಬಾರದು. ಒಮ್ಮೆ ನುಡಿದ ಸಾಲು ಮತ್ತೆ ಬರಬಾರದು. ಈ ಆಟಕ್ಕೆ ಇಂಗ್ಲಿಷಿನಲ್ಲಿ ಚೇಂಜ್ ರಿಂಗಿಂಗ್ ಎಂದು ಹೆಸರು. ಪಲ್ಲಟದ ವಾದನವೆಂದು ನಾವು ಕರೆಯಬಹುದು.

ನಾಲ್ಕು ಗಂಟೆಗಳ ನಿದರ್ಶನವೊಂದನ್ನು ನೋಡೋಣ. ಸಣ್ಣದು ೧, ದೊಡ್ಡದು ೪. ಮೊದಲ ಸಾಲು ೧೨೩೪. ಎರಡು ಜೋಡಿಗಳೂ ಅದಲುಬದಲಾದರೆ ೨೧೪೩. ಈಗ ನಡುವಿನ ಜೋಡಿ ಮಾತ್ರ ಬದಲಾಗಲಿ: ೨೪೧೩. ಹೀಗೆಯೇ ಮುಂದುವರಿದರೆ ೪೨೩೧, ೪೩೨೧, ೩೪೧೨, ೩೧೪೨, ೧೩೨೪. ಒಂದನೆಯ ಗಂಟೆಯ ಹೆಜ್ಜೆಯನ್ನು ಇಲ್ಲಿ ಹಿಂಬಾಲಿಸಿ ನೋಡಿ. ಅದು ಮುಂದಿನಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದು, ಕೊನೆಯಲ್ಲಿ ಎರಡು ಬಾರಿ ನುಡಿದು, ಮತ್ತೆ ಒಂದೊಂದೇ ಹೆಜ್ಜೆ ಮುಂದಕ್ಕೆ ಬಂದಿದೆ. ಇಲ್ಲಿ ಮತ್ತೆ ನಡುವಿನ ಜೋಡಿಯನ್ನು ಬದಲಿಸಿದರೆ ೧೨೩೪ ಬಂದು ಆಟ ಎಂಟೇ ಸಾಲುಗಳಿಗೆ ಮುಗಿದುಹೋಗುತ್ತದೆ. ಬದಲಾಗಿ ಕೊನೆಯ ಜೋಡಿಯನ್ನು ಬದಲಿಸಿ ೧೩೪೨ ಎಂದು ಮಾಡಿಕೊಂಡರೆ ಹೊಸ ದಾರಿ ತೆರೆಯುತ್ತದೆ. ಇಂಥ ಮೂರು ಸುತ್ತುಗಳಲ್ಲಿ ಸಾಧ್ಯವಾದ ೨೪ ಸಾಲುಗಳೂ ಒಂದೊಂದು ಬಾರಿ ಬಂದು, ಕೊನೆಗೆ ಗಂಟೆಗಳು ಹೊರಟಲ್ಲಿಗೆ ಸೇರುತ್ತವೆ.

ಗಂಟೆಗಳು ಹೆಚ್ಚಿದಂತೆ ಸಾಲುಗಳು ಹೆಚ್ಚುವ ವೇಗ ದಿಗಿಲು ಹುಟ್ಟಿಸುವಂಥದು. ಐದಕ್ಕೆ ೧೨೦, ಆರಕ್ಕೆ ೭೨೦, ಏಳಕ್ಕೆ ೫,೦೪೦, ಎಂಟಕ್ಕೆ ೪೦,೩೨೦. ಆರು ಗಂಟೆಗಳ ಪೂರ್ಣ ಪಲ್ಲಟ ಅರ್ಧ ತಾಸಿನೊಳಗೆ ಮುಗಿಯುತ್ತದೆ. ಹನ್ನೆರಡರದನ್ನು ಬಾರಿಸಲು ಹೊರಟರೆ ಹಗಲಿರುಳು ಬಿಡದೆ ಮೂವತ್ತು ವರ್ಷಗಳಿಗೂ ಹೆಚ್ಚು ಬೇಕು. ಫೇಬಿಯನ್ ಸ್ಟೆಡ್‌ಮನ್ ಎಂಬ ಮುದ್ರಣಕಾರ ೧೬೬೮ರಲ್ಲಿ ಪ್ರಕಟಿಸಿದ 'ಟಿಂಟಿನಲೋಜಿಯ' ಈ ವಿದ್ಯೆಯ ಮೊದಲ ಪುಸ್ತಕ. ಅದರ ಕರ್ತೃ ರಿಚರ್ಡ್ ಡಕ್‌ವರ್ತ್. ಸ್ಟೆಡ್‌ಮನ್ ತಾನೇ ಬರೆದ 'ಕ್ಯಾಂಪನಲೋಜಿಯ' ೧೬೭೭ರಲ್ಲಿ ಬಂದಿತು. ಅವನ ಹೆಸರಿನ ಪಲ್ಲಟಕ್ರಮವನ್ನು ಇಂದಿಗೂ ಬಾರಿಸುತ್ತಾರೆ. ಏಳು ಗಂಟೆಗಳ ೫,೦೪೦ ಸಾಲುಗಳನ್ನೂ ತಪ್ಪಿಲ್ಲದೆ ಪೂರೈಸಿದ ಮೊದಲ ದಾಖಲೆ ೧೭೧೫ನೆಯ ಮೇ ೨ರಂದು ನಾರಿಚ್ ಪಟ್ಟಣದ ಸೇಂಟ್ ಪೀಟರ್ ಮ್ಯಾನ್‌ಕ್ರಾಫ್ಟ್ ಚರ್ಚಿನದು. ಅದಕ್ಕೆ ೩ ಗಂಟೆ ೧೮ ನಿಮಿಷ ಹಿಡಿಯಿತು. ಅಂದಿನಿಂದ ಆ ಸಂಖ್ಯೆಯೇ ಒಂದು ಮಾನವಾಯಿತು. ಸುಮಾರು ಮೂರು ಗಂಟೆಗಳ ಈ ಸಾಧನೆಗೆ ಪೀಲ್ ಎಂದು ಹೆಸರು. ಎಂಟು ಗಂಟೆಗಳ ೪೦,೩೨೦ ಸಾಲುಗಳನ್ನು ೧೯೬೩ರ ಜುಲೈ ತಿಂಗಳಲ್ಲಿ ಲಫ್‌ಬರೊ ಊರಿನ ಗಂಟೆ ಎರಕದ ಕಾರ್ಖಾನೆಯ ಗೋಪುರದಲ್ಲಿ ಎಂಟು ಮಂದಿ, ಹಗ್ಗವನ್ನು ಯಾರಿಗೂ ಕೈಬದಲಿಸದೆ, ಸುಮಾರು ಹದಿನೆಂಟು ಗಂಟೆಗಳ ಕಾಲ ಬಾರಿಸಿ ಮುಗಿಸಿದರು.

ಈ ಅಂಕಿಗಳನ್ನು ಕೇಳುತ್ತಿದ್ದಾಗ ನನಗೆ ನಮ್ಮವರು ನೆನಪಾದರು. ಲಘು ಗುರುಗಳು ಎಷ್ಟು ಬಗೆಯಲ್ಲಿ ಕೂಡಬಲ್ಲವೆಂಬುದನ್ನು ಸಾಲುಸಾಲಾಗಿ ಹರಡಿ ತೋರಿಸುವ ಪ್ರಸ್ತಾರ ನಮ್ಮ ಛಂದಶ್ಶಾಸ್ತ್ರದ ಹಳೆಯ ಸಂಪತ್ತು. ಹತ್ತನೆಯ ಶತಮಾನದ ನಾಗವರ್ಮ 'ಛಂದೋಂಬುಧಿ'ಯಲ್ಲಿ ಅದನ್ನು ಕನ್ನಡಕ್ಕೆ ತಂದ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ ಏಳು ಸ್ವರಗಳ ಪ್ರಸ್ತಾರವನ್ನು ಮಾಡಿ ೫,೦೪೦ ಎಂಬ ಸಂಖ್ಯೆಯನ್ನೇ ಮುಟ್ಟಿದ. ಇಷ್ಟನೆಯ ಸಾಲು ಯಾವುದು, ಈ ಸಾಲು ಎಷ್ಟನೆಯದು ಎಂದು ಕಂಡುಹಿಡಿಯುವ ಉಪಾಯವನ್ನೂ ಹೇಳಿದ. ನಾರಿಚ್ಚಿನ ಗೋಪುರದಲ್ಲಿ ಮೊಳಗಿದ ಲೆಕ್ಕ ದೇವಗಿರಿಯಲ್ಲಿ ಐದು ಶತಮಾನಗಳ ಹಿಂದೆಯೇ ಬರೆದಿಟ್ಟದ್ದು. ಆದರೆ ವ್ಯತ್ಯಾಸವನ್ನೂ ಗಮನಿಸಬೇಕು. ಶಾಸ್ತ್ರಕಾರನ ಪ್ರಸ್ತಾರದಲ್ಲಿ ಸ್ವರಕ್ಕೆ ತೂಕವಿಲ್ಲ. ಒಂದು ಸಾಲಿನ ತುದಿಯಲ್ಲಿದ್ದದ್ದು ಮರುಸಾಲಿನಲ್ಲಿ ಮೊದಲಿಗೆ ಹಾರಬಹುದು. ಕಂಚಿಗೆ ಆ ಹಾರಾಟ ಸಲ್ಲದು. ಅಲ್ಲಿ ಪ್ರತಿಯೊಂದು ಸಾಲೂ ಹಿಂದಿನ ಸಾಲಿನ ನೆರೆಯಲ್ಲೇ ಹುಟ್ಟಬೇಕು. ನಮ್ಮದು ಬುದ್ಧಿ ಹಾಸಿದ ಪ್ರಸ್ತಾರ, ಅವರದು ಆರು ಮೈಗಳು ಬೆವರಿ ನಡೆದು ತೀರಿಸುವ ಪ್ರಸ್ತಾರ.

ಬಾರಿಸುವವರ ಮುಂದೆ ಪುಸ್ತಕವಿರುವುದಿಲ್ಲ, ಇರಕೂಡದೆಂಬುದು ಸಂಪ್ರದಾಯ. ಸಂಖ್ಯೆಗಳ ಸಾಲುಗಳನ್ನು ಯಾರೂ ಬಾಯಿಪಾಠ ಮಾಡುವುದೂ ಇಲ್ಲ. ಪ್ರತಿಯೊಬ್ಬನೂ ನೆನಪಿಡುವುದು ತನ್ನ ಗಂಟೆ ಸಾಲುಗಳ ನಡುವೆ ಹಾದುಹೋಗುವ ಒಂದು ಗೆರೆಯನ್ನು ಮಾತ್ರ. ಆ ಗೆರೆಯಲ್ಲಿ ನಡೆಯುತ್ತ, ಉಳಿದ ಹಗ್ಗಗಳ ಏರಿಳಿತವನ್ನು ಓರೆಗಣ್ಣಿನಿಂದ ನೋಡಿ, ತಾನು ಈಗ ಯಾರ ಹಿಂದೆ ನುಡಿಯಬೇಕೆಂಬುದನ್ನು ಅರಿಯಬೇಕು. ಈ ನೋಟ ಕೂಡಿಬರಲು ತಿಂಗಳುಗಟ್ಟಲೆ ಬೇಕಾಗುತ್ತದೆ. ನಡುನಡುವೆ ಮುಂದಾಳು "ಬಾಬ್" ಎಂದೋ "ಸಿಂಗಲ್" ಎಂದೋ ಕೂಗಿದರೆ, ಕೆಲವರ ಗೆರೆಗಳು ಆ ಗಳಿಗೆಯಲ್ಲಿ ಬೇರೆ ದಾರಿ ಹಿಡಿಯುತ್ತವೆ. ಒಬ್ಬ ತಪ್ಪಿದರೆ ಅವನ ಸ್ಥಾನದಲ್ಲಿ ಇನ್ನೊಬ್ಬ ಮುಗ್ಗರಿಸುತ್ತಾನೆ. "ಇಲ್ಲಿ ಚೆನ್ನಾಗಿ ಬಾರಿಸಿದವನನ್ನು ಯಾರೂ ಗುರುತಿಸುವುದಿಲ್ಲ. ಅವನು ಕೇಳಿಸದೆ ಇದ್ದರೇ ಅವನು ಚೆನ್ನಾಗಿ ಬಾರಿಸಿದನೆಂದು ಅರ್ಥ" ಎಂದು ಆ ಶಿಕ್ಷಕಿ ಹೇಳಿದರು.

ಹೀಗೆಂದ ಮಾತ್ರಕ್ಕೆ ಗೋಪುರದ ಜನ ಎಂದೆಂದೂ ಸಾಧುಗಳಾಗಿದ್ದರೆಂದಲ್ಲ. ಹದಿನೆಂಟನೆಯ ಶತಮಾನದಲ್ಲೂ ಅದರ ಮುಂದೆಯೂ ಅನೇಕ ಕಡೆ ಗಂಟೆಯವರಿಗೂ ಪಾದ್ರಿಗೂ ಮಾತುಕತೆಯೇ ಇರಲಿಲ್ಲ. ಬಾರಿಸಿ ಮುಗಿಸಿ, ಪ್ರಾರ್ಥನೆಗೆ ನಿಲ್ಲದೆ ನೇರವಾಗಿ ಹೆಂಡದಂಗಡಿಗೆ ಹೋಗುವವರೇ ಹೆಚ್ಚು. ಅವರಿಗೆಂದೇ ಮಾಡಿಸಿದ ಬಿಯರಿನ ದೊಡ್ಡ ಹೂಜಿಗಳು ಕೆಲವು ಊರುಗಳಲ್ಲಿ ಈಗಲೂ ಉಳಿದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳು ಗೋಪುರಗಳ ಸುಧಾರಣೆಗೆ ಕೈಹಾಕಿದರು. ಪ್ರಾಂತಗಳಲ್ಲಿ ಸಂಘಗಳು ಹುಟ್ಟಿದವು. ೧೮೯೧ರಲ್ಲಿ ಎಲ್ಲ ಸಂಘಗಳಿಗೂ ಒಂದು ಕೇಂದ್ರ ಮಂಡಳಿ ಏರ್ಪಟ್ಟಿತು. ಗಂಡಸರಿಗಷ್ಟೇ ಮೀಸಲೆನಿಸಿದ್ದ ಹಗ್ಗವನ್ನು ಹಿಡಿದು ಗೋಪುರದಲ್ಲಿ ಪೀಲನ್ನು ಪೂರೈಸಿದ ಮೊದಲ ಹೆಂಗಸಿನ ದಾಖಲೆ ೧೮೯೬ರದು.

ಗಂಟೆ ಹಳ್ಳಿಗೆ ಸುದ್ದಿಯನ್ನೂ ಹೇಳುತ್ತಿತ್ತು. ಸಾವಾದಾಗ, ಗಂಡಸಾದರೆ ಒಂಬತ್ತು ಪೆಟ್ಟು, ಹೆಂಗಸಾದರೆ ಆರು, ಅನಂತರ ಸತ್ತವರ ವಯಸ್ಸಿನಷ್ಟು ಪೆಟ್ಟುಗಳನ್ನು ಬಾರಿಸುವುದು ಹಲವು ಊರುಗಳ ರೂಢಿ. ಹೊಲದಲ್ಲಿ ಕೆಲಸಮಾಡುತ್ತಿದ್ದವನು ಎಣಿಸುತ್ತ ನಿಂತು, ಯಾರಿರಬಹುದೆಂದು ತಿಳಿದುಕೊಳ್ಳುತ್ತಿದ್ದ. ಡೊರೊತಿ ಸೇಯರ್ಸ್ ೧೯೩೪ರಲ್ಲಿ ಬರೆದ 'ದಿ ನೈನ್ ಟೇಲರ್ಸ್' ಎಂಬ ಪತ್ತೇದಾರಿ ಕಾದಂಬರಿಯ ಹೆಸರು ಈ ಒಂಬತ್ತು ಪೆಟ್ಟುಗಳಿಂದಲೇ ಬಂದದ್ದು. ಹೊಸ ವರ್ಷದ ಹಿಂದಿನ ರಾತ್ರಿ ಒಬ್ಬ ಬಾರಿಸುವವನು ಜ್ವರದಿಂದ ಮಲಗಿದ ಕಾರಣ, ದಾರಿ ತಪ್ಪಿ ಬಂದ ಅತಿಥಿ ಅವನ ಹಗ್ಗವನ್ನು ಹಿಡಿಯುವುದರಿಂದ ಆ ಕಥೆ ಆರಂಭವಾಗುತ್ತದೆ. ಒಂದು ಕೈ ಕಡಮೆಯಾದರೆ ಊರಿಗೆ ಊರೇ ಪೇಚಾಡುವುದು ಕಾದಂಬರಿಯ ಕಲ್ಪನೆಯಷ್ಟೇ ಅಲ್ಲ.

ನಾನು ಕಂಡ ಗೋಪುರದ ಪೇಚಾಟವೂ ಅದೇ. ಆರು ಗಂಟೆಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಬಾರಿಸಿದರೆ ನಮ್ಮ ದ ಪ ಮ ಗ ರಿ ಸ ಎಂಬ ಅವರೋಹಣವಾಗುತ್ತದೆ. ಮೊಳೆಗೆ ಸಿಕ್ಕಿಸಿದ್ದ ಹಗ್ಗ ಅತಿ ದೊಡ್ಡ ಗಂಟೆಯದು. ಅದನ್ನು ನಡೆಸಬಲ್ಲವನು ಹೋದ ಮೇಲೆ ಉಳಿದ ಐವರು ತಮ್ಮ ತಮ್ಮ ಗಂಟೆಗಳನ್ನೇ ಬಾರಿಸುತ್ತಿದ್ದರು. ನಾನು ಮೊದಲ ಸಂಜೆ ಕೇಳಿದ ಸದ್ದಿನಲ್ಲಿ ಏನೋ ಕೊರೆಯೆನಿಸಿದ್ದರ ಕಾರಣ ಆಗ ಹೊಳೆಯಿತು. ಸಾಲು ಪ್ರತಿಸಲವೂ ರಿಷಭಕ್ಕೆ ಬಂದು ನಿಲ್ಲುತ್ತಿತ್ತು, ಷಡ್ಜಕ್ಕೆ ಇಳಿಯುತ್ತಿರಲಿಲ್ಲ.

ಗಂಟೆಯೇನೋ ಶತಮಾನಗಳ ಕಾಲ ಬಾಳುತ್ತದೆ. ಅದರ ವಿದ್ಯೆ ಬಾಳುವುದು ಕೈಯಿಂದ ಕೈಗೆ. ಮೊದಲ ಮಹಾಯುದ್ಧದಲ್ಲಿ ಸುಮಾರು ೧,೪೦೦ ಮಂದಿ ಗಂಟೆ ಬಾರಿಸುವವರು ಮಡಿದರು. ನಾನಿದ್ದ ಊರಿನ ಗೋಪುರದ ಗೋಡೆಯ ಹಲಗೆಯಲ್ಲಿಯೂ ಅಂಥ ಎರಡು ಹೆಸರುಗಳಿದ್ದವು. ಎರಡನೆಯ ಯುದ್ಧದಲ್ಲಿ, ೧೯೪೦ರ ಜೂನಿನಿಂದ, ಶತ್ರು ಆಕಾಶದಿಂದ ಇಳಿದಾಗ ಎಚ್ಚರಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಚರ್ಚಿನ ಗಂಟೆಯನ್ನು ಬಾರಿಸಕೂಡದೆಂದು ಸರ್ಕಾರ ಆಜ್ಞೆ ಹೊರಡಿಸಿತು. ಈಜಿಪ್ಟಿನ ಎಲ್ ಅಲಮೇನಿನಲ್ಲಿ ಗೆಲುವಾದ ಮೇಲೆ ೧೯೪೨ರ ನವೆಂಬರ್ ೧೫ರ ಭಾನುವಾರ ಗಂಟೆಗಳು ಮತ್ತೆ ನುಡಿದವು. ಮರುವರ್ಷ ನಿಷೇಧವೇ ಹೋಯಿತು. ೨೦೧೭ರಲ್ಲಿ, ಹದಿನಾರನೆಯ ಶತಮಾನದಿಂದ ನಡೆದುಬಂದಿದ್ದ ಲಂಡನ್ನಿನ ವೈಟ್‌ಚಾಪೆಲ್ ಎರಕದ ಮನೆಯ ಬಾಗಿಲು ಮುಚ್ಚಿತು. ಬಿಗ್ ಬೆನ್ ಗಂಟೆಯನ್ನು ೧೮೫೮ರಲ್ಲಿ ಎರೆದದ್ದು ಅಲ್ಲಿಯೇ. ಮೊದಲ ಯುದ್ಧ ನಿಂತು ನೂರು ವರ್ಷ ತುಂಬಿದ ೨೦೧೮ರಲ್ಲಿ, ಮಡಿದ ೧,೪೦೦ ಮಂದಿಯ ನೆನಪಿಗೆ ಅಷ್ಟೇ ಸಂಖ್ಯೆಯ ಹೊಸಬರಿಗೆ ಕಲಿಸಬೇಕೆಂದು ಒಂದು ಆಂದೋಲನ ನಡೆದು, ಗುರಿಯನ್ನು ಮೀರಿತು. ಅದಾಗಿ ಎರಡೇ ವರ್ಷಕ್ಕೆ, ೨೦೨೦ರಲ್ಲಿ, ಸಾಂಕ್ರಾಮಿಕದ ದೆಸೆಯಿಂದ ಗೋಪುರಗಳು ಮತ್ತೆ ಮೌನವಾದವು. ಇಕ್ಕಟ್ಟಾದ ಕೋಣೆಯಲ್ಲಿ ಭುಜಕ್ಕೆ ಭುಜ ತಾಗುವಂತೆ ನಿಲ್ಲಬೇಕಾದ ಕಲೆಗೆ ದೂರ ನಿಲ್ಲಿರೆಂಬುದೇ ದೊಡ್ಡ ಶಿಕ್ಷೆ.

ಆ ಶಿಕ್ಷಕಿ ನನ್ನ ಕೈಗೂ ಒಮ್ಮೆ ಹಗ್ಗವನ್ನು ಕೊಟ್ಟರು. ಸ್ಯಾಲಿಯನ್ನು ತಾವೇ ಹಿಡಿದು, ತುದಿಯ ಎಳೆತವನ್ನು ಮಾತ್ರ ನನಗೆ ಬಿಟ್ಟರು. ತಲೆಯ ಮೇಲೆ ಎಲ್ಲಿಯೋ ಕಾಣದ ಗಂಟೆ ಉರುಳಿದ ಭಾರ ಹಗ್ಗದಲ್ಲಿ ಹರಿದು ಅಂಗೈಗೆ ಬಂದಾಗ, ಒಂದು ದೊಡ್ಡ ಪ್ರಾಣಿಯ ಹಗ್ಗವನ್ನು ಹಿಡಿದಂತಾಯಿತು. ಅವರು ಗಂಟೆಯನ್ನು ಕುರಿತು ಮಾತಾಡುವಾಗ 'ಅವಳು' ಎನ್ನುವುದು ವಾಡಿಕೆ. "ಅವಳನ್ನು ಎಳೆಯಬೇಡಿ, ಅವಳು ಬರುತ್ತಾಳೆ, ಕಾಯಿರಿ" ಎಂದರು. ನಾನು ಕಾಯಲಿಲ್ಲ, ಗಂಟೆ ಅಪಸ್ವರವಾಗಿ ನುಡಿಯಿತು. ಮರುದಿನ ಅಂಗಡಿಯವನು ನನ್ನನ್ನು ಕಂಡು, ನಿನ್ನೆ ಬಾರಿಸಿದ್ದು ನೀವೇನು ಎಂದು ವಿನಯದಿಂದ ಕೇಳಿದ.

ನವೆಂಬರಿನ ಎರಡನೆಯ ಭಾನುವಾರ ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ. ಅಂದು ಗಂಟೆಯ ನಾಲಗೆಯ ಒಂದು ಮಗ್ಗುಲಿಗೆ ತೊಗಲಿನ ಮೆತ್ತೆ ಕಟ್ಟುತ್ತಾರೆ. ಆಗ ಒಂದು ಸಾಲು ಸ್ಪಷ್ಟವಾಗಿ ಮೊಳಗಿದರೆ, ಮರುಸಾಲು ಅದರ ನೆರಳಿನಂತೆ ದೂರದಿಂದ ಕೇಳಿಸುತ್ತದೆ. ಅಂದಿನ ಮಟ್ಟಿಗೆ ನೆರೆಯ ಹಳ್ಳಿಯಿಂದ ಒಬ್ಬಾತ ಬೈಸಿಕಲ್ಲಿನಲ್ಲಿ ಬಂದಿದ್ದ. ತಮ್ಮ ಗೋಪುರದಲ್ಲಿ ಬಾರಿಸಿ ಮುಗಿಸಿ, ಆಳು ಕಡಮೆಯಿರುವ ಗೋಪುರಕ್ಕೆ ಹೋಗಿ ನಿಲ್ಲುವುದು ಆ ಜನರಲ್ಲಿ ಹಳೆಯ ಪದ್ಧತಿ. ಶಿಕ್ಷಕಿ ಮೊಳೆಯಿಂದ ಆರನೆಯ ಹಗ್ಗವನ್ನು ಬಿಚ್ಚಿ ಅವನ ಕೈಗಿತ್ತರು. ಬಡಗಿಯ ಹದಿಮೂರು ವರ್ಷದ ಮಗಳು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದಳು. ಅವಳು ಆ ವಾರವಷ್ಟೇ ಸಣ್ಣ ಗಂಟೆಯ ಪಾಠವನ್ನು ತೊಡಗಿದ್ದಳು. ಅವಳಿಗೆ ಅದು ಕೈಗೂಡಿದರೆ ಅವಳ ತಂದೆ ದೊಡ್ಡ ಗಂಟೆಗೆ ಹೋಗಬಹುದೆಂಬುದು ಅವರ ಲೆಕ್ಕಾಚಾರ. ಅದಕ್ಕೆ ಒಂದು ವರ್ಷವಾದರೂ ಬೇಕೆಂದು ಶಿಕ್ಷಕಿ ನನಗೆ ಮೆಲ್ಲಗೆ ಹೇಳಿದ್ದರು.

ನಾನು ಕೆಳಗಿಳಿದು, ಇಗರ್ಜಿಯ ಅಂಗಳದಲ್ಲಿ ಗೋರಿಗಳ ನಡುವೆ, ಊರಿನ ಇತರರೊಡನೆ ನಿಂತುಕೊಂಡೆ. ಮೇಲಿನಿಂದ ಗಂಟೆಗಳು ತೊಡಗಿದವು. ದ ಪ ಮ ಗ ರಿ. ಅನಂತರ, ಎಷ್ಟೋ ತಿಂಗಳ ಮೇಲೆ, ಆರನೆಯದು. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ತಲೆಯೆತ್ತಿ ಗೋಪುರವನ್ನು ನೋಡಿದಳು. ಸಾಲು ಷಡ್ಜಕ್ಕೆ ಬಂದು ಮುಟ್ಟಿತ್ತು.